ಮತ ಎಂಬ ಮಾತು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಜೊತೆಗೆ ಕರೆತರುತ್ತಾರೆ. ನಾನು ಎರಡಕ್ಷರದ ಒಂದು ಪದವನ್ನಷ್ಟೇ ತಂದಿದ್ದೇನೆ. ಆ ಪದ ‘ಮತ’. ಚುನಾವಣೆ ಬಂದಾಗ ಗೋಡೆಯ ಮೇಲೆ, ಪತ್ರಿಕೆಯ ತಲೆಬರಹದಲ್ಲಿ, ಆಟೋಗೆ ಕಟ್ಟಿದ ಮೈಕಿನಲ್ಲಿ ದಿನವಿಡೀ ಕೇಳಿಸುವ ಪದ ಅದು. ಇಷ್ಟು ಬಳಕೆಯಾದದ್ದರ ಅರ್ಥ ಗೊತ್ತಿದೆ ಎಂದೇ ನಾವೆಲ್ಲ ಅಂದುಕೊಂಡಿರುತ್ತೇವೆ. ಕನ್ನಡ ಪಾಠ ಹೇಳುತ್ತ ಬಂದವನಾದ ನನಗೂ ಹಾಗೇ ಅನ್ನಿಸಿತ್ತು. ಒಬ್ಬ ಹಾಲು ಹಾಕುವ ಯಜಮಾನರು ಅದನ್ನು ಕೆಡಿಸಿದರು.

ಅವರ ಕಥೆಗೆ ಹೋಗುವ ಮೊದಲು ದತ್ತಿಯ ನಿಯಮವನ್ನು ಒಮ್ಮೆ ನೆನಪಿಸಿಕೊಳ್ಳೋಣ. ದಾನಿಗಳು ಒಂದು ಮೊತ್ತವನ್ನು ಇಡುಗಂಟಾಗಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಅಸಲನ್ನು ಸಂಸ್ಥೆಯ ಅಧ್ಯಕ್ಷರೂ ಮುಟ್ಟುವಂತಿಲ್ಲ. ಇದು ಕೊನೆಯಲ್ಲಿ ನಮಗೆ ಬೇಕಾಗುತ್ತದೆ.

ಡೈರಿಯ ಚೀಟಿ

2004ರಲ್ಲಿ ನಮ್ಮ ರಾಜ್ಯದಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ಬಂತು. ಮೇಷ್ಟ್ರುಗಳಿಗೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ಒಂದು ಹಳ್ಳಿಯ ಶಾಲೆಯಲ್ಲಿ ನಾನು ಪ್ರಿಸೈಡಿಂಗ್ ಆಫೀಸರ್ ಆಗಿದ್ದೆ. ಹಿಂದಿನ ರಾತ್ರಿ ಅಲ್ಲೇ ಬೆಂಚು ಜೋಡಿಸಿ ಮಲಗಿ, ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಯಂತ್ರಕ್ಕೆ ಸೀಲು ಹಾಕಿ ಕೂತಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ವಯಸ್ಸಾದ ಯಜಮಾನರೊಬ್ಬರು ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡರು, ಎರಡೂ ಯಂತ್ರದ ಗುಂಡಿ ಒತ್ತಿದರು. ಆಚೆ ಹೋಗುವ ಬದಲು ನನ್ನ ಮೇಜಿನ ಮುಂದೆ ನಿಂತರು.

“ಅಲ್ಲಾ ಸಾ, ಡೈರಿಗೆ ಹಾಲಾಕಿದ್ರೆ ಚೀಟಿ ಕೊಡ್ತರೆ. ಇಲ್ಲಿ ಓಟಾಕಿದ್ದಕ್ಕೆ ಚೀಟಿ ಇಲ್ವಾ?”

“ಇಲ್ಲ ಯಜಮಾನ್ರೇ. ಇದು ಗುಟ್ಟಿನ ಓಟು. ಚೀಟಿ ಕೊಡೋ ಹಾಗಿಲ್ಲ” ಅಂದೆ.

“ಹಂಗಾರೆ ನಾನ್ ಹಾಕಿದ್ದು ಎಲ್ಲೋಯ್ತು ಅಂತ ನಾಳೆ ಯಾರ್ನ ಕೇಳಾದು?”

ಏಜೆಂಟರು ನಕ್ಕರು, ನಾನೂ ನಕ್ಕೆ. ಮುಂದೆ ವಿವಿಪ್ಯಾಟ್ ಬಂತು. ನಾವು ಯಾರಿಗೆ ಹಾಕಿದೆವು ಎಂಬ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಆ ಯಜಮಾನರು ನೆನಪಾದರು. ಅವರು ಕೇಳಿದ ಚೀಟಿಯೇನೋ ಬಂತು, ಆದರೆ ಕೈಗೆ ಸಿಗಲಿಲ್ಲ. ಅವರ ಎರಡನೆಯ ಪ್ರಶ್ನೆ ಮಾತ್ರ ಉಳಿದೇ ಇದೆ. ಹಾಕಿದ್ದು ಎಲ್ಲಿ ಹೋಯಿತು, ಯಾರನ್ನು ಕೇಳಬೇಕು? ಅದಕ್ಕೆ ಉತ್ತರವನ್ನು ನಾನು ನಿಘಂಟಿನ ದಾರಿಯಲ್ಲಿ ಹುಡುಕಿದ್ದೇನೆ. ನನಗೆ ತಿಳಿದ ದಾರಿ ಅದೊಂದೇ.

ಒಂದು ಬೇರು, ಮೂರು ಅರ್ಥ

‘ಮತ’ ಸಂಸ್ಕೃತದ ‘ಮನ್’ ಧಾತುವಿನಿಂದ ಬಂದದ್ದು. ಮನ್ ಎಂದರೆ ಯೋಚಿಸು, ಬಗೆ. ಯೋಚಿಸಿ ಆದದ್ದು, ಬಗೆದು ನಿಂತದ್ದು ಮತ. ಮನಸ್ಸು, ಮತಿ, ಮಂತ್ರ ಇದೇ ಬೇರಿನವು. ಮಂತ್ರಿಯೂ ಇದೇ ಬೇರಿನವನು. ನಮ್ಮ ಮತದಿಂದ ಅವರು ಮಂತ್ರಿಯಾಗುವುದಕ್ಕೆ ವ್ಯಾಕರಣದ ಒಪ್ಪಿಗೆಯೂ ಇದೆ ಎಂದಾಯಿತು.

ಹೀಗೆ ಹುಟ್ಟಿದ ಪದಕ್ಕೆ ಇಂದಿನ ಕನ್ನಡದಲ್ಲಿ ಮೂರು ಅರ್ಥಗಳಿವೆ. ಮೊದಲನೆಯದು ಅಭಿಪ್ರಾಯ: ‘ನನ್ನ ಮತವೂ ಅದೇ’, ‘ವಿದ್ವಾಂಸರಲ್ಲಿ ಮತಭೇದವಿದೆ’. ಸಮ್ಮತ, ಒಮ್ಮತ, ಅಭಿಮತ, ಜನಮತ ಎಲ್ಲ ಈ ಗುಂಪಿನವು. ಎರಡನೆಯದು ಪಂಥ ಅಥವಾ ಧರ್ಮ: ಶೈವಮತ, ಜೈನಮತ, ಮತಾಂಧ, ಮತಾಂತರ. ಮೂರನೆಯದು ಓಟು: ಮತಪತ್ರ, ಮತಯಂತ್ರ, ಮತ ಎಣಿಕೆ.

ಮೊದಲ ಎರಡು ಅರ್ಥಗಳು ಹಳೆಯವು, ಒಂದರಿಂದ ಒಂದು ಹುಟ್ಟಿದವು. ಶಾಸ್ತ್ರಗ್ರಂಥಗಳಲ್ಲಿ ಮತ ಎಂದರೆ ಒಬ್ಬ ಆಚಾರ್ಯನ ನಿಲುವು. ಅವನು ಬಗೆದದ್ದನ್ನು ಒಪ್ಪಿದವರು ಶಿಷ್ಯರಾದರು, ಶಿಷ್ಯರಿಂದ ಪರಂಪರೆ ಬೆಳೆಯಿತು. ಆಗ ನಿಲುವಿನ ಹೆಸರೇ ಪಂಥದ ಹೆಸರಾಯಿತು. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದ್ವೈತ, ವಿಶಿಷ್ಟಾದ್ವೈತ, ದ್ವೈತಗಳನ್ನು ನಾವು ಮತತ್ರಯ ಎನ್ನುತ್ತೇವೆ. ವಾದಸಭೆಯಲ್ಲಿ ಒಂದು ಮತವನ್ನು ಇನ್ನೊಂದು ಖಂಡಿಸಬಹುದಿತ್ತು, ಆದರೆ ಖಂಡಿಸುವ ಮೊದಲು ಎದುರಿನವನ ವಾದವನ್ನು ಪೂರ್ತಿ ಹೇಳಬೇಕಿತ್ತು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ನಮ್ಮ ರಾಜಕೀಯದ ‘ಪಕ್ಷ’, ‘ವಿಪಕ್ಷ’, ‘ಪ್ರತಿಪಕ್ಷ’ಗಳೂ ಆ ಸಭೆಯಿಂದ ಎದ್ದು ಬಂದವೇ. ಬರುವಾಗ ಎದುರಿನವನ ವಾದವನ್ನು ಪೂರ್ತಿ ಹೇಳುವ ನಿಯಮವನ್ನು ಅಲ್ಲೇ ಬಿಟ್ಟು ಬಂದವು.

ಹಳಗನ್ನಡದಲ್ಲಿ ಪಂಥಕ್ಕೆ ಮತ ಒಂದೇ ಪದವಾಗಿರಲಿಲ್ಲ. 12ನೇ ಶತಮಾನದ ಬ್ರಹ್ಮಶಿವ ಅನ್ಯಮತಗಳನ್ನು ತೂಗಿ ನೋಡಿ ಬರೆದ ಗ್ರಂಥದ ಹೆಸರು ‘ಸಮಯಪರೀಕ್ಷೆ’. ಇಂದಿನ ವಿದ್ಯಾರ್ಥಿಗೆ ಅದು ಪರೀಕ್ಷೆಯ ವೇಳಾಪಟ್ಟಿಯಂತೆ ಕೇಳಿಸೀತು. ಆಗ ‘ಸಮಯ’ ಎಂದರೆ ಪಂಥ. ಜೈನರಿಗೂ ವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ಬುಕ್ಕರಾಯ ತೀರಿಸಿದ 1368ರ ಶ್ರವಣಬೆಳಗೊಳದ ಶಾಸನ ‘ದರ್ಶನ’ ಎಂಬ ಪದವನ್ನು ಬಳಸುತ್ತದೆ. ಸಮಯ ಗಡಿಯಾರಕ್ಕೆ ಹೋಯಿತು. ದರ್ಶನ ತತ್ತ್ವಶಾಸ್ತ್ರಕ್ಕೂ ದೇವಸ್ಥಾನದ ಸಾಲಿಗೂ ಹಂಚಿಹೋಯಿತು. ಮತ ಮಾತ್ರ ಪಂಥವನ್ನು ಬಿಡದೆಯೇ ಪ್ರಜಾಪ್ರಭುತ್ವದ ಕೆಲಸಕ್ಕೂ ಸೇರಿಕೊಂಡಿತು.

ನೆರೆಮನೆಯವರು ಏನನ್ನುತ್ತಾರೆ?

ಒಂದೇ ಪದಕ್ಕೆ ಈ ಮೂರೂ ಹೊರೆ ಹೊರಿಸಿರುವುದು ಎಲ್ಲ ಭಾಷೆಗಳಲ್ಲೂ ಇಲ್ಲ. ಅದು ಕಾಣಬೇಕಾದರೆ ಬೇಲಿಯಾಚೆ ಇಣುಕಬೇಕು.

ತೆಲುಗಿನವರಿಗೆ ‘ಮತಂ’ ಎಂದರೆ ಧರ್ಮ. ಓಟಿಗೆ ಅವರು ‘ಓಟು’ ಎಂದೇ ಬರೆಯುತ್ತಾರೆ. ತಮಿಳಿನಲ್ಲೂ ‘ಮದಂ’ ಧರ್ಮವೇ. ಓಟಿಗೆ ಅವರು ಹೇಳುವುದು ‘ವಾಕ್ಕು’, ಅಂದರೆ ಮಾತು. ಓಟು ಹಾಕುವವನು ‘ವಾಕ್ಕಾಳರ್’, ಮಾತುಳ್ಳವನು. ಮಲಯಾಳದಲ್ಲಿ ‘ಮತಂ’ ಧರ್ಮಕ್ಕೆ ಮೀಸಲು, ಆಡುಮಾತಿನಲ್ಲಿ ‘ವೋಟ್’, ಗ್ರಂಥಭಾಷೆಯಲ್ಲಿ ‘ಸಮ್ಮತಿದಾನ’. ಮರಾಠಿಯಲ್ಲಿ ಮತ ಅಭಿಪ್ರಾಯವೂ ಹೌದು, ಓಟೂ ಹೌದು. ಧರ್ಮಕ್ಕೆ ದಿನಬಳಕೆಯಲ್ಲಿ ‘ಧರ್ಮ’ವೇ ಇದೆ. ಹಿಂದಿಯವರ ಕಷ್ಟ ಬೇರೆ. ಅಲ್ಲಿ ‘ಮತ್’ ಎಂದರೆ ‘ಬೇಡ’ ಎಂಬ ನಿಷೇಧವೂ ಹೌದು. ‘ಮತ್ ದೇನಾ’ ಎಂದರೆ ಓಟು ಕೊಡಿ ಎಂದೋ ಕೊಡಬೇಡಿ ಎಂದೋ ಹೇಳುವವನ ದನಿಯಿಂದ ತಿಳಿಯಬೇಕು. ಬಹುಶಃ ಅದಕ್ಕೇ ಅವರು ಮಾತಿನಲ್ಲಿ ‘ವೋಟ್’ ಅನ್ನುವುದೇ ಹೆಚ್ಚು.

ಹಾಗಾದರೆ ಇಂಗ್ಲಿಷಿನ ವೋಟಿಗೆ ಧರ್ಮದ ನಂಟಿಲ್ಲವೇ? ಅದರ ಮೂಲ ಲ್ಯಾಟಿನ್ನಿನ ‘ವೋಟುಂ’. ಅದರ ಅರ್ಥ ದೇವರಿಗೆ ಹೊತ್ತ ಹರಕೆ. ಹೊತ್ತ ಹರಕೆ ಕ್ರಮೇಣ ಬಯಕೆಯಾಯಿತು, ಬಯಕೆ ಆಯ್ಕೆಯಾಯಿತು. ನಾವು ಬಹಳ ಲೌಕಿಕವೆಂದುಕೊಂಡು ಆಡುವ ‘ಓಟು’ ಹರಕೆಯ ಮರಿಮಗ. ನಮ್ಮ ‘ಮತ’ ಯೋಚನೆಯಿಂದ ಹೊರಟು ಗುಡಿಯ ಕಡೆ ಹೋಯಿತು. ಅವರ ‘ವೋಟ್’ ಗುಡಿಯಿಂದ ಹೊರಟು ಆಯ್ಕೆಯ ಕಡೆ ಬಂತು. ಮತಗಟ್ಟೆಯಲ್ಲಿ ಇಬ್ಬರೂ ಭೇಟಿಯಾದರು.

ಮತದ ಹೆಸರಲ್ಲಿ ಮತ

ಎರಡನೆಯ ಅರ್ಥವೂ ಮೂರನೆಯ ಅರ್ಥವೂ ಒಂದೇ ಪದದಲ್ಲಿದ್ದರೆ ಏನಾಗುತ್ತದೆ? ‘ಜಾತಿ ಮತ ಭೇದವಿಲ್ಲದೆ ಮತ ನೀಡಿ’ ಎಂಬ ವಾಕ್ಯವನ್ನು ಚುನಾವಣೆಯ ವೇದಿಕೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಮೊದಲ ಮತ ಬೇರೆ, ಎರಡನೆಯ ಮತ ಬೇರೆ ಎಂದು ಯಾರೂ ತಡವರಿಸುವುದಿಲ್ಲ. ಬೇರೆ ಭಾಷೆಗೆ ಇದನ್ನು ಅನುವಾದಿಸಹೊರಟವನಿಗೆ ಮಾತ್ರ ಬೆವರು.

ಕಾನೂನಿನಲ್ಲೂ ಇದಕ್ಕೊಂದು ಪ್ರಸಂಗವಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ, ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಗಳ ಹೆಸರಿನಲ್ಲಿ ಓಟು ಕೇಳುವುದನ್ನು ಭ್ರಷ್ಟ ನಡವಳಿಕೆ ಎನ್ನುತ್ತದೆ. ಕನ್ನಡದಲ್ಲಿ ಅದರ ತಿರುಳನ್ನು ನಾಲ್ಕು ಪದಗಳಲ್ಲಿ ಹೇಳಬಹುದು: ಮತದ ಹೆಸರಲ್ಲಿ ಮತ ಕೇಳಬಾರದು. ಆ ಕಲಮಿನಲ್ಲಿ ‘ಆತನ ಧರ್ಮ’ ಎಂದಿದೆ. ಆತನ ಎಂದರೆ ಯಾರ? ಅಭ್ಯರ್ಥಿಯದೋ, ಮತದಾರನದೂ ಸೇರುತ್ತದೋ? ಅಭಿರಾಮ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಈ ಒಂದು ಸರ್ವನಾಮವನ್ನು ಎದುರಿಗಿಟ್ಟುಕೊಂಡು ಕೂತರು. 2017ರ ಜನವರಿ 2ರಂದು ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತು, ಮತದಾರನ ಧರ್ಮವೂ ಅದರಲ್ಲಿ ಸೇರುತ್ತದೆ ಎಂದು ತೀರ್ಪಾಯಿತು. ವ್ಯಾಕರಣ ಓದಿ ಏನು ಪ್ರಯೋಜನ ಎಂದು ಕೇಳುವ ವಿದ್ಯಾರ್ಥಿಗಳಿಗೆ ಈ ತೀರ್ಪನ್ನು ತೋರಿಸುತ್ತಿರುತ್ತೇನೆ.

ಇನ್ನೊಂದು ತೀರ್ಪು ನಮ್ಮ ರಾಜ್ಯದ್ದೇ. 1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ ಜಾಗ ರಾಜಭವನವಲ್ಲ, ಸದನ ಎಂದಿತು. ಸರ್ಕಾರ ಯಾವ ಧರ್ಮದ ಪರವೂ ನಿಲ್ಲಬಾರದೆಂಬ ತತ್ತ್ವ ಸಂವಿಧಾನದ ಮೂಲರಚನೆಗೆ ಸೇರಿದ್ದು ಎಂದೂ ಅದೇ ತೀರ್ಪು ಹೇಳಿತು. ಎಣಿಸಬೇಕಾದ ಮತ ಯಾವುದು, ಎಣಿಕೆಯಿಂದ ದೂರ ಇಡಬೇಕಾದ ಮತ ಯಾವುದು, ಎರಡನ್ನೂ ಒಂದೇ ತೀರ್ಪು ವಿಂಗಡಿಸಿತು. ಅಲ್ಲಿಂದೀಚೆಗೆ ‘ವಿಶ್ವಾಸಮತ’ ಎಂಬ ಪದ ಕನ್ನಡಿಗರಿಗೆ ಪತ್ರಿಕೆಯ ತಲೆಬರಹವಾಗಿ ಚೆನ್ನಾಗಿ ಪಳಗಿದೆ. ಎಷ್ಟು ಚೆನ್ನಾಗಿ ಎಂಬುದನ್ನು ನಾನು ಹೇಳಬೇಕಿಲ್ಲ.

ಜನ ಆಡುವ ಓಟು

ಇಷ್ಟು ಹೊತ್ತು ಬರಹದ ಕನ್ನಡ ಆಯಿತು. ಊರಿನಲ್ಲಿ ‘ಮತ’ ಎನ್ನುವವರು ಕಡಿಮೆ. ಅಲ್ಲಿ ‘ಓಟು’. ಜನ ಅದನ್ನು ಬರೀ ಎರವಲು ಪಡೆದು ಸುಮ್ಮನಾಗಲಿಲ್ಲ, ಹಿಗ್ಗಿಸಿಕೊಂಡರು. ‘ಓಟು ಬಂತು’ ಎಂದರೆ ಚುನಾವಣೆ ಬಂತು. ‘ಓಟಿಗೆ ನಿಂತವ್ನೆ’ ಎಂದರೆ ಅಭ್ಯರ್ಥಿಯಾಗಿದ್ದಾನೆ. ಓಟು ಬೀಳುತ್ತದೆ, ಒಡೆಯುತ್ತದೆ, ತಿರುಗುತ್ತದೆ, ಒಬ್ಬ ಇನ್ನೊಬ್ಬನ ಓಟು ಕೀಳುತ್ತಾನೆ. ಬರಹದ ಮತವನ್ನು ‘ಚಲಾಯಿಸಬೇಕು’. ಅಧಿಕಾರಕ್ಕೂ ನಾಣ್ಯಕ್ಕೂ ಹೊಂದುವ ಕ್ರಿಯಾಪದ ಅದು. ಓಟನ್ನು ‘ಹಾಕಿದರೆ’ ಸಾಕು.

ಈ ‘ಹಾಕು’ ಎಲ್ಲಿಂದ ಬಂತು? ಪೆಟ್ಟಿಗೆಯಿಂದ. 1951-52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇತ್ತು, ಪೆಟ್ಟಿಗೆಯ ಮೇಲೆ ಚಿಹ್ನೆ ಇತ್ತು. ಮತಪತ್ರದ ಮೇಲೆ ಗುರುತು ಮಾಡುವ ಕೆಲಸವೇ ಇರಲಿಲ್ಲ. ಜೋಡೆತ್ತಿನ ಪೆಟ್ಟಿಗೆಗೋ ಗುಡಿಸಲಿನ ಪೆಟ್ಟಿಗೆಗೋ ಹಾಕಿ ಬಂದರೆ ಮುಗಿಯಿತು. ಆಮೇಲೆ ಒಂದೇ ಮತಪತ್ರದಲ್ಲಿ ಎಲ್ಲರ ಹೆಸರೂ ಬಂತು, ಮುದ್ರೆ ಒತ್ತುವುದು ಬಂತು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಪ್ರಯೋಗವಾದ ಮತಯಂತ್ರ 2004ರ ಹೊತ್ತಿಗೆ ದೇಶದ ತುಂಬ ಬಂತು. ಅದನ್ನು ತಯಾರಿಸುವ ಎರಡು ಕಾರ್ಖಾನೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಈಗ ಒತ್ತುವುದು ಗುಂಡಿ. ಆದರೂ ಇವತ್ತಿಗೂ ನಾವು ಓಟು ‘ಹಾಕಿ’ ಬರುತ್ತೇವೆ, ಡೈರಿಗೆ ಹಾಲು ಹಾಕಿ ಬಂದಂತೆ, ಬ್ಯಾಂಕಿಗೆ ದುಡ್ಡು ಹಾಕಿ ಬಂದಂತೆ. ಆ ಯಜಮಾನರ ಪ್ರಶ್ನೆ ಈ ಕ್ರಿಯಾಪದದ ಒಳಗೇ ಇತ್ತು.

‘ಮತಗಟ್ಟೆ’ ನನಗೆ ತುಂಬ ಇಷ್ಟವಾದ ಪದ. ಸಂಸ್ಕೃತದ ಮತಕ್ಕೆ ಕನ್ನಡದ ಕಟ್ಟೆ ಸೇರಿ, ಮಳೆ ಕಾಲ ‘ಮಳೆಗಾಲ’ವಾದ ಹಾಗೆ ಆದೇಶಸಂಧಿಯಾಗಿದೆ. ಯಾರು ಮೊದಲು ಹೊಂದಿಸಿದರೋ, ಅವರು ಊರನ್ನು ಬಲ್ಲವರು. ಅರಳಿಕಟ್ಟೆ, ಪಂಚಾಯ್ತಿಕಟ್ಟೆ, ಹರಟೆಕಟ್ಟೆಗಳ ಸಾಲಿಗೆ ಅವರು ಓಟಿನ ಜಾಗವನ್ನೂ ಸೇರಿಸಿದರು. ಆದರೆ ಎರಡರ ಸ್ವಭಾವ ಬೇರೆ. ಅರಳಿಕಟ್ಟೆಯ ಮೇಲೆ ಗಟ್ಟಿಯಾಗಿ ಮಾತನಾಡಬೇಕಿತ್ತು, ಯಾರು ಯಾರ ಕಡೆ ಎಂಬುದು ಊರಿಗೆಲ್ಲ ಕಾಣಬೇಕಿತ್ತು. ಕಟ್ಟೆಯ ಮೇಲೆ ಕೂರಲು ಎಲ್ಲ ಜಾತಿಯವರಿಗೂ ಅವಕಾಶವಿರಲಿಲ್ಲ, ಹೆಂಗಸರಿಗಂತೂ ಇರಲೇ ಇಲ್ಲ. ಮತಗಟ್ಟೆಯಲ್ಲಿ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ, ಮತ ಹಾಕುವ ಕ್ಷಣದಲ್ಲಿ ಒಬ್ಬರೇ ಇರುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಗೌಡರ ಎದುರು ಅಭಿಪ್ರಾಯ ಹೇಳಲಾಗದವನಿಗೂ ಅಲ್ಲೊಂದು ಅಭಿಪ್ರಾಯವಿದೆ. ಬ್ರಿಟನ್ನಿನಲ್ಲೂ 1872ರವರೆಗೆ ಓಟನ್ನು ಬಹಿರಂಗವಾಗಿಯೇ ಹೇಳಬೇಕಿತ್ತು. ಗುಟ್ಟಿನ ಮತಪತ್ರ ಅಲ್ಲಿಗೆ ಬಂದದ್ದು ಆಮೇಲೆ.

ಎಲ್ಲ ಪದಗಳೂ ಇಷ್ಟು ಉದಾರವಲ್ಲ. ತಪ್ಪಾಗಿ ಮುದ್ರೆ ಬಿದ್ದ ಮತಪತ್ರವನ್ನು ನಮ್ಮ ಪತ್ರಿಕೆಗಳು ಏನೆಂದು ಕರೆದವು? ‘ಕುಲಗೆಟ್ಟ ಮತ’. ‘ಅಸಿಂಧು’ ಎಂಬ ಪದ ಇತ್ತು, ‘ತಿರಸ್ಕೃತ’ ಇತ್ತು. ಆದರೂ ಗೆದ್ದದ್ದು ಕುಲಗೆಟ್ಟದ್ದೇ. ಒಂದು ಕಾಗದ ಮಡಿಸುವಾಗ ಶಾಯಿ ಎರಡು ಕಡೆ ಅಂಟಿದರೆ ಕುಲ ಕೆಡುತ್ತದೆ! ಕುಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲರಿಗೂ ಒಂದೇ ಓಟು ಕೊಟ್ಟ ವ್ಯವಸ್ಥೆಗೆ ನಾವು ಕುಲದ ಪದವನ್ನು ಅಂಟಿಸಿದೆವು. ಬೇಕೆಂದು ಯಾರೂ ಮಾಡಲಿಲ್ಲ. ಭಾಷೆಯಲ್ಲಿ ಅದು ಸಿದ್ಧವಾಗಿಯೇ ಇತ್ತು. ಯಂತ್ರ ಬಂದ ಮೇಲೆ ಕುಲಗೆಟ್ಟ ಮತ ಕಡಿಮೆಯಾಗಿದೆ, ಅಂಚೆ ಮತಗಳಲ್ಲೂ ವಿಧಾನ ಪರಿಷತ್ತಿನಂಥ ಚುನಾವಣೆಗಳಲ್ಲೂ ಉಳಿದುಕೊಂಡಿದೆ.

ದಾನವೋ, ಹಕ್ಕೋ?

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಓಟು ಹಾಕುವುದಕ್ಕೆ ನಾವು ‘ಮತದಾನ’ ಎನ್ನುತ್ತೇವೆ. ಕೇಳಲು ಬರುವವರು ಮಾಡುವುದು ‘ಮತಯಾಚನೆ’. ಇನ್ನೂ ಸ್ವಲ್ಪ ಭಾವುಕರಾದವರು ಸೆರಗೊಡ್ಡಿ, ಟವಲೊಡ್ಡಿ ‘ಮತಭಿಕ್ಷೆ’ ಬೇಡುತ್ತಾರೆ. ನಾವು ಆಗ ‘ಮತದಾರ ಪ್ರಭು’ಗಳಾಗುತ್ತೇವೆ. ಪ್ರಭು, ಯಾಚಕ, ಭಿಕ್ಷೆ, ದಾನ: ಇವೆಲ್ಲ ಅರಮನೆಯ ಹೆಬ್ಬಾಗಿಲಿನ ಪದಗಳು. ಪ್ರಜಾಪ್ರಭುತ್ವ ಬಂದು ಇಷ್ಟು ವರ್ಷವಾದರೂ ಚುನಾವಣೆಯ ನಿಘಂಟಿನಲ್ಲಿ ರಾಜಸತ್ತೆ ಮುಗಿದಿಲ್ಲ. ಹದಿನೈದು ದಿನ ಪಾತ್ರಗಳು ಮಾತ್ರ ಅದಲುಬದಲಾಗಿರುತ್ತವೆ.

ದಾನವೆಂದರೆ ಏನೆಂದು ನಮ್ಮ ಶಾಸನಗಳನ್ನು ಕೇಳಬೇಕು. ಕನ್ನಡನಾಡಿನ ಸಾವಿರಾರು ಶಾಸನಗಳು ದಾನಶಾಸನಗಳೇ. ಧಾರಾಪೂರ್ವಕವಾಗಿ, ಅಂದರೆ ಕೈಯಿಂದ ನೀರು ಬಿಟ್ಟು, ಭೂಮಿಯನ್ನೋ ಸುಂಕವನ್ನೋ ಕೊಡುತ್ತಾರೆ. ಸೂರ್ಯ ಚಂದ್ರರಿರುವವರೆಗೆ ಅದು ಸಲ್ಲಬೇಕು ಎನ್ನುತ್ತಾರೆ. ಕೊಟ್ಟದ್ದನ್ನು ಮರಳಿ ಕಿತ್ತುಕೊಂಡವನು, ತಾನೇ ಕೊಟ್ಟಿದ್ದರೂ ಸರಿಯೇ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂದು ಕೊನೆಗೆ ಶಪಿಸುತ್ತಾರೆ. ನೀರು ಬಿಟ್ಟ ಮೇಲೆ ಕೊಟ್ಟವನಿಗೂ ವಸ್ತುವಿಗೂ ಸಂಬಂಧ ಮುಗಿಯಿತು. ಅದನ್ನು ಏನು ಮಾಡಿದೆ ಎಂದು ಕೇಳುವುದು ದಾನಿಗೆ ಶೋಭೆಯಲ್ಲ. ಮತವನ್ನು ದಾನವೆಂದು ಕರೆದಾಗ ಈ ಅರ್ಥವೂ ಅದರ ಬೆನ್ನಿಗೇ ಬರುತ್ತದೆ. ‘ಹಾಕಿದ್ದಾಯ್ತು, ಇನ್ನೇನು ಕೇಳೋದು’ ಎಂದು ಜನ ಸುಮ್ಮನಾಗುವುದರಲ್ಲಿ, ಗೆದ್ದವರು ಸೂರ್ಯ ಚಂದ್ರರ ಮಟ್ಟದ ಭರವಸೆಯಲ್ಲಿ ಓಡಾಡುವುದರಲ್ಲಿ, ಈ ಪದದ ಪಾಲೂ ಇದೆಯೇನೋ ಎಂದು ನನಗೆ ಅನುಮಾನ.

ಆದರೆ ಭಾಷೆ ಜಾಣೆ. ಒಂದು ಪದದಲ್ಲಿ ಎಡವಿದ್ದನ್ನು ಪಕ್ಕದ ಪದದಲ್ಲಿ ಸರಿಮಾಡಿಕೊಂಡಿದೆ. ಮತದಾನ ಮಾಡುವವನನ್ನು ಏನೆನ್ನಬೇಕು? ದಾನ ಮಾಡುವವನು ‘ದಾತ’. ಹಿಂದಿಯವರು ಸರಿಯಾಗಿಯೇ ‘ಮತದಾತಾ’ ಎನ್ನುತ್ತಾರೆ. ಮಲಯಾಳದ ಗ್ರಂಥಭಾಷೆಯಲ್ಲಿ ‘ಸಮ್ಮತಿದಾಯಕನ್’, ಅವನೂ ಕೊಡುವವನೇ. ನಾವು ‘ಮತದಾತ’ ಎನ್ನುವುದಿಲ್ಲ, ‘ಮತದಾರ’ ಎನ್ನುತ್ತೇವೆ. ಮರಾಠಿಯವರೂ ಹಾಗೇ. ಈ ‘ದಾರ’ ಎಲ್ಲಿಯದು? ಪಾಲುದಾರ, ಷೇರುದಾರ, ಗುತ್ತಿಗೆದಾರ, ಹಕ್ಕುದಾರ, ಜಮೀನ್ದಾರ. ಪಾರಸಿಯ ‘ದಾರ್’: ಉಳ್ಳವನು, ಹಿಡಿದಿಟ್ಟುಕೊಂಡವನು. ಮತದಾರ ಎಂದರೆ ಮತವನ್ನು ಕೊಟ್ಟವನಲ್ಲ, ಮತವನ್ನು ಉಳ್ಳವನು. ಕ್ರಿಯೆಯ ಹೆಸರಿನಲ್ಲಿ ದಾನವಿದೆ, ಕರ್ತೃವಿನ ಹೆಸರಿನಲ್ಲಿ ಒಡೆತನವಿದೆ. ಓಟಿನ ಮರುದಿನವೂ ಅವನು ಮತದಾರನೇ. ಷೇರುದಾರ ಕಂಪನಿಯ ಲೆಕ್ಕ ಕೇಳಬಹುದಾದರೆ ಮತದಾರನೂ ಕೇಳಬಹುದು ಎಂದು ಈ ಪ್ರತ್ಯಯ ಹೇಳುತ್ತಿದೆ.

ಉಳ್ಳವರಾಗಬೇಕಾದರೆ ಮೊದಲು ಹೆಸರು ಬೇಕು. ಮೊದಲ ಚುನಾವಣೆಯ ಪಟ್ಟಿ ಮಾಡುವಾಗ ಉತ್ತರ ಭಾರತದ ಹಲವೆಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಆಗ ಅದು ಕಠಿಣವೆನಿಸಿತು. ಆದರೆ ಯಾರದೋ ಹೆಂಡತಿಯಾಗಿ ಓಟು ಹಾಕಬಾರದು, ತಾನಾಗಿ ಹಾಕಬೇಕು ಎಂಬ ಹಟ ಅದರಲ್ಲಿತ್ತು. ‘ದಾರ’ ಪ್ರತ್ಯಯದ ಬೆಲೆ ಅಷ್ಟು.

ಮತವಿದ್ದೂ ಓಟಿಲ್ಲದ ಸಭೆ

ಅಭಿಪ್ರಾಯವೇ ಬೇರೆ, ಓಟೇ ಬೇರೆ ಎಂಬುದನ್ನು ಮೈಸೂರು ಸಂಸ್ಥಾನ ನೋಡಿದೆ. 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ತಾಲ್ಲೂಕುಗಳಿಂದ ಬಂದವರು 144 ಜನ. ಕೆರೆ, ರಸ್ತೆ, ಕಂದಾಯ ಎಂದು ಅವರು ತಮ್ಮ ಅರಿಕೆಗಳನ್ನು ಹೇಳಿಕೊಳ್ಳಬಹುದಿತ್ತು. ಓಟು ಹಾಕಿ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಇರಲಿಲ್ಲ. ಅಂದರೆ ಮತವಿತ್ತು, ಓಟಿರಲಿಲ್ಲ. ಆ ಕಾಲಕ್ಕೆ ಅಷ್ಟೂ ದೊಡ್ಡದೇ.

ಇವತ್ತು ಇದರ ತಲೆಕೆಳಗಾದ ಚಿತ್ರವೂ ಇದೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಪಕ್ಷ ವಿಪ್ ಹೊರಡಿಸಿದರೆ ಶಾಸಕರು ಅದರಂತೆಯೇ ಮತ ಹಾಕಬೇಕು, ಇಲ್ಲದಿದ್ದರೆ ಸ್ಥಾನಕ್ಕೆ ಕುತ್ತು. ಕೊಂಡುಕೊಳ್ಳುವ ವ್ಯಾಪಾರವನ್ನು ತಡೆಯಲು ಅದು ಬೇಕಾಗಿತ್ತು. ಆದರೆ ಆ ಹೊತ್ತಿನಲ್ಲಿ ಶಾಸಕರಿಗೆ ಓಟಿರುತ್ತದೆ, ಮತವಿರುವುದಿಲ್ಲ. ಮೂರು ಅರ್ಥಗಳಲ್ಲಿ ಮೊದಲನೆಯದು ಕಳಚಿಕೊಂಡರೆ ಮೂರನೆಯದು ಬರೀ ಎಣಿಕೆಯಾಗುತ್ತದೆ.

ಮತದಾರನ ವಿಷಯದಲ್ಲಿ ನ್ಯಾಯಾಲಯ ಈ ಎರಡನ್ನೂ ಜೋಡಿಸಿದೆ. ಓಟಿನ ಹಕ್ಕು ಕಾಯ್ದೆಯಿಂದ ಬಂದದ್ದು, ಆದರೆ ಯಾರಿಗೆ ಹಾಕಬೇಕೆಂಬ ಸ್ವಾತಂತ್ರ್ಯ ಅಭಿವ್ಯಕ್ತಿ ಸ್ವಾತಂತ್ರ್ಯದ ಒಂದು ಬಗೆ ಎಂದು 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮಾತು ಬಂತು. ಅದೇ ಜಾಡಿನಲ್ಲಿ 2013ರ ಸೆಪ್ಟೆಂಬರ್ 27ರಂದು ನೋಟಾಕ್ಕೆ ಅನುಮತಿ ದೊರೆಯಿತು. ಯಾರೂ ಬೇಡ ಎನ್ನುವುದೂ ಒಂದು ಅಭಿಪ್ರಾಯ, ಅದನ್ನೂ ಗುಟ್ಟಾಗಿ ಹೇಳಲು ಒಂದು ಗುಂಡಿ ಬೇಕು ಎಂದಾಯಿತು. ಕನ್ನಡದ ಪದ ಇದನ್ನು ಮೊದಲೇ ಹೇಳಿತ್ತು: ಓಟೆಂದರೆ ಮತ, ಮತವೆಂದರೆ ಬಗೆದು ನಿಂತದ್ದು.

ಬಗೆದದ್ದಕ್ಕೆ ಬೆಲೆ ಇದೆಯೇ ಎಂದು ಕೇಳುವವರು ಸಂತೇಮರಹಳ್ಳಿಯನ್ನು ನೆನೆಯಬೇಕು. ನಾನು ಆ ಯಜಮಾನರನ್ನು ಕಂಡ ಅದೇ 2004ರ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ಆ ಕ್ಷೇತ್ರದಲ್ಲಿ ಗೆದ್ದವರಿಗೆ ಹಾಕಿದ ಪ್ರತಿಯೊಬ್ಬರೂ ‘ನನ್ನಿಂದಲೇ ಗೆದ್ದದ್ದು’ ಎಂದು ಹೇಳಿಕೊಳ್ಳಬಹುದಿತ್ತು, ಹೇಳಿದರೆ ಸುಳ್ಳೂ ಆಗುತ್ತಿರಲಿಲ್ಲ.

ಅಸಲು ಮತ್ತು ಬಡ್ಡಿ

ಯಜಮಾನರಿಗೆ ಉತ್ತರ ಹೇಳುವ ಮೊದಲು ಈ ಪದದ ಹಳೆಯ ಮನೆಗೆ ಒಮ್ಮೆ ಹೋಗಿ ಬರೋಣ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ. ಅದನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ದೊಡ್ಡ ವಾದವೆಲ್ಲ ನಿಂತಿರುವುದು ಒಂದು ಪದದ ಮೇಲೆ. ಆ ಗ್ರಂಥ ನೃಪತುಂಗನಿಗೆ ‘ಅನುಮತ’ವಾದದ್ದು ಎಂದು ಅದರಲ್ಲೇ ಇದೆ. ಬರೆದವನು ಬೇರೆ, ಒಪ್ಪಿದವನು ಬೇರೆ ಎಂದು ಇಂದು ಬಹುಪಾಲು ವಿದ್ವಾಂಸರು ಅರ್ಥಮಾಡುತ್ತಾರೆ. ನಮ್ಮ ಸಾಹಿತ್ಯದ ಹೊಸ್ತಿಲಲ್ಲೇ ಈ ‘ಮತ’ ಕೂತಿದೆ. ಇತರರ ವಿಚಾರವನ್ನೂ ಇತರರ ಧರ್ಮವನ್ನೂ ತಾಳಿಕೊಳ್ಳಬಲ್ಲ ಗುಣವೇ ನಿಜವಾದ ಚಿನ್ನ ಎಂಬ ಮಾತು ಬರುವುದೂ ಅದೇ ಗ್ರಂಥದಲ್ಲಿ. ವಿಚಾರ, ಧರ್ಮ: ಮತದ ಮೊದಲ ಎರಡು ಅರ್ಥಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ಮೂರನೆಯದು ಬರಲು ಸಾವಿರ ವರ್ಷ ಹಿಡಿಯಿತು. ಬಂದ ಮೇಲೆ, ಮೊದಲಿನೆರಡನ್ನು ತಾಳಿಕೊಂಡು ಬದುಕಲು ಅದೇ ನಮಗೆ ಒಂದು ದಾರಿಯಾಯಿತು. ಕುವೆಂಪು ‘ಮನುಜಮತ’ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಎರಡನೆಯ ಅರ್ಥ. ಇವತ್ತು ಅದನ್ನು ಮೂರೂ ಅರ್ಥದಲ್ಲಿ ಓದಿದರೂ ಅವರು ಬೇಸರಿಸುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಇನ್ನು ಆ ಯಜಮಾನರಿಗೆ ಉತ್ತರ. ನಾನು ಮೊದಲಿಗೆ ನೆನಪಿಟ್ಟುಕೊಳ್ಳಿ ಎಂದ ದತ್ತಿಯ ನಿಯಮಕ್ಕೆ ಈಗ ಬನ್ನಿ. ‘ದಾನ’, ‘ದತ್ತಿ’ ಎರಡೂ ‘ದಾ’ ಧಾತುವಿನ ಮಕ್ಕಳು, ಎರಡರ ಅರ್ಥವೂ ಕೊಡುವುದೇ. ಆದರೆ ಇಂದಿನ ಬಳಕೆಯಲ್ಲಿ ಅಣ್ಣತಮ್ಮಂದಿರ ಸ್ವಭಾವ ಬೇರೆಯಾಗಿದೆ. ದಾನ ಕೊಟ್ಟ ಕ್ಷಣದಲ್ಲಿ ಮುಗಿಯುತ್ತದೆ. ದತ್ತಿ ಕೊಟ್ಟ ಕ್ಷಣದಲ್ಲಿ ಶುರುವಾಗುತ್ತದೆ. ಅಸಲು ಹಾಗೇ ಉಳಿಯುತ್ತದೆ. ಬಡ್ಡಿಯಲ್ಲಿ ಕೆಲಸ ನಡೆಯಬೇಕು, ಯಾವ ಉದ್ದೇಶಕ್ಕೆ ಇಟ್ಟರೋ ಅದಕ್ಕೇ ನಡೆಯಬೇಕು. ಈ ವರ್ಷ ಉಪನ್ಯಾಸ ನಡೆಯಿತೇ ಎಂದು ದಾನಿಗಳ ಮನೆಯವರು ಕೇಳಬಹುದು. ಕೇಳಿದರೆ ಯಾರೂ ಅದನ್ನು ಅಗೌರವವೆಂದು ತಿಳಿಯುವುದಿಲ್ಲ.

ನಾವು ಓಟಿನ ದಿನ ಮಾಡುವುದು ಈ ಅರ್ಥದ ದತ್ತಿ. ಅಸಲು ಮತದಾರನಲ್ಲೇ ಇದೆ. ಗೆದ್ದವರಿಗೆ ಸಿಕ್ಕಿರುವುದು ಐದು ವರ್ಷದ ಬಡ್ಡಿಯಷ್ಟೆ. ‘ಮತದಾನ’ ಎಂಬ ಪದವನ್ನು ಬದಲಿಸಿ ಎಂದು ನಾನು ಹೇಳುತ್ತಿಲ್ಲ; ರೂಢಿಯ ಪದವನ್ನು ಬದಲಿಸುವ ಶಕ್ತಿ ಉಪನ್ಯಾಸಕ್ಕಿಲ್ಲ. ಆ ಪದ ಆಡುವಾಗ ‘ಮತದಾರ’ದ ಕೊನೆಯ ಎರಡಕ್ಷರ ನೆನಪಾದರೆ ಸಾಕು. ಮೈಸೂರಿನ ಬಣ್ಣದ ಕಾರ್ಖಾನೆಯಿಂದ 1962ರಿಂದ ದೇಶಕ್ಕೆಲ್ಲ ಹೋಗುತ್ತಿರುವ, ಬೆರಳಿಗೆ ಹಾಕುವ ಆ ಶಾಯಿಯನ್ನು ನಾವು ಬರೀ ಗುರುತು ಎಂದುಕೊಳ್ಳುತ್ತೇವೆ. ಡೈರಿಯ ಚೀಟಿ ಕೇಳಿದ ಯಜಮಾನರಿಗೆ ಆವತ್ತು ನಾನು ಅವರ ಎಡಗೈ ತೋರುಬೆರಳನ್ನೇ ತೋರಿಸಿ, ಇದೇ ನಿಮ್ಮ ರಸೀದಿ, ಉಗುರು ಬೆಳೆದು ಇದು ಅಳಿಸುವುದರೊಳಗೆ ಹೋಗಿ ಲೆಕ್ಕ ಕೇಳಿ, ಅಳಿಸಿದ ಮೇಲೂ ಕೇಳಿ ಎನ್ನಬೇಕಾಗಿತ್ತು. ತೋಚಲಿಲ್ಲ. ನಕ್ಕುಬಿಟ್ಟೆ. ಇಪ್ಪತ್ತು ವರ್ಷ ತಡವಾಗಿ ಇಲ್ಲಿ ಹೇಳುತ್ತಿದ್ದೇನೆ.

ಈ ವರ್ಷದ ಬಡ್ಡಿಯನ್ನು ಖರ್ಚುಮಾಡಿದ್ದಕ್ಕೆ ನನ್ನ ಲೆಕ್ಕ ಇಷ್ಟು. ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ನಿಮ್ಮ ಮತವೇ ಅಂತಿಮ.